ವೈನಿಯ ಬೋಣಿ

ಅದು ೨೦೨೨ನೆಯ ಇಸವಿ. ನನಗೆ ಆಗ ನಲವತ್ತೇಳು ವರ್ಷ. ಆದೋನಿಯ ಖಾಸಗಿ ಶಾಲೆಯೊಂದರಲ್ಲಿ ಎರಡು ದಶಕ ಕನ್ನಡ ಕಲಿಸಿದ್ದೆ. ಅಲ್ಲಿ ಕನ್ನಡ ಮಾಧ್ಯಮವನ್ನು ಮುಚ್ಚಿದ ಮೇಲೆ ಮನೆ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕುಳಿತು ಪತ್ರಿಕೆಯ ಕಾಗುಣಿತದ ತಪ್ಪುಗಳಿಗೆ ಗೀಟು ಹಾಕುತ್ತಿದ್ದಾಗ ಎದುರು ಮನೆಯ ವೈನಿ ಬಂದು ನಿಂತರು.

“ಮಾಸ್ತರ್ರ, ಇಂಟರ್‌ನ್ಯಾಗ ಮೂವತ್ತೆಂಟು ಪರ್ಸೆಂಟ್ ಬಂದೋರ್ನ ಯೂನಿವರ್ಸಿಟಿಯಾಗ ತಗೊಂತಾರೇನ್ರಿ?”

“ಯಾರಿಗೆ ಬಂದಿದೆ, ವೈನಿ?”

“ಐತ್ರಿ ಒಬ್ಬಾಕಿಗೆ.”

ಅವರ ಮಗಳಿಗಿರಲಾರದು. ಆ ಹುಡುಗಿ ತೊಂಬತ್ತರ ಮೇಲೆ ಅಂಕ ತೆಗೆದು ಕರ್ನೂಲಿನಲ್ಲಿ ಫಾರ್ಮಸಿ ಓದುತ್ತಿದ್ದಳು. ತವರೂರಾದ ಗೋನೆಗಂಡ್ಲದಲ್ಲಿ ಯಾರೋ ತಮ್ಮನ ಮಗಳಿರಬೇಕೆಂದು ಊಹಿಸಿ, ನನಗೆ ತಿಳಿದಷ್ಟನ್ನು ಕ್ರಮವಾಗಿ ವಿವರಿಸಿದೆ: ಇಂಟರ್‌ಮೀಡಿಯೆಟ್ ಮುಗಿಸಿದ್ದರೆ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ, ಆದರೆ ಆಯ್ಕೆ ಅಂಕಗಳ ಕ್ರಮದಲ್ಲಿ ನಡೆಯುತ್ತದೆ, ಮೂವತ್ತೆಂಟಕ್ಕೆ ಆ ಕ್ರಮದಲ್ಲಿ ಜಾಗ ಸಿಗುವುದು ಅಸಂಭವ. ವೈನಿ ಕೊನೆಯತನಕ ಕೇಳಿಸಿಕೊಂಡರು. ಆಮೇಲೆ, “ಅರ್ಜಿ ಹಾಕಾಕ ಅಡ್ಡಿ ಇಲ್ಲ ಅಂದ್ರಲ್ಲ, ಅಷ್ಟ ಸಾಕು. ಆಕಿ ನಾನ ರೀ,” ಎಂದು ಹೇಳಿ ಮನೆಯೊಳಗೆ ಹೋಗಿಬಿಟ್ಟರು.

ಈಗ ಈ ಬರಹಕ್ಕೆ ಕೂತಿರುವುದಕ್ಕೂ ಕಾರಣವಿದೆ. ಹೋದ ವರ್ಷ ಅವರ ಯಜಮಾನರ ವ್ಯಾಪಾರ ಗುಂಟೂರಿಗೆ ಸ್ಥಳಾಂತರವಾಯಿತು. ವೈನಿಯೂ ಪದವಿ ಮುಗಿಸಿಕೊಂಡು ಅವರೊಂದಿಗೆ ಹೋದರು. ಅಂದಿನಿಂದ ನಮ್ಮ ಓಣಿಯಲ್ಲಿ ಯಾರ ಮಕ್ಕಳಿಗೆ ಅಂಕ ಕಡಿಮೆ ಬಂದರೂ ತಂದೆತಾಯಂದಿರು ನನ್ನ ಕಟ್ಟೆಗೆ ಬರುತ್ತಾರೆ. “ವೈನಿಗೆ ಸೀಟು ಕೊಡಿಸಿದವರು ನೀವ ಅಲ್ಲೇನ್ರಿ? ಹೆಂಗ ಕೊಡಿಸಿದ್ರಿ?” ಎಂದು ಕೇಳುತ್ತಾರೆ. ಹೇಗೆಂದು ನನಗೆ ತಿಳಿಯದು ಎಂದರೆ ನಂಬುವುದಿಲ್ಲ. ಬಚ್ಚಿಡುತ್ತಿದ್ದೇನೆಂದು ಮುಖ ಬಿಗಿದುಕೊಂಡು ಹೋಗುತ್ತಾರೆ. ನಡೆದದ್ದನ್ನು ಬರೆದು ಮುಂದಿಟ್ಟರೆ ಅವರಿಗೂ ತಿಳಿದೀತು, ನನಗೂ ತಿಳಿದೀತು ಎಂಬುದು ನನ್ನ ಉದ್ದೇಶ.

ವೈನಿ ನನಗಿಂತ ಎಂಟು ವರ್ಷ ಚಿಕ್ಕವರು. ಆದರೂ ಅವರ ಯಜಮಾನರನ್ನು ನಾನು ಅಣ್ಣಾರೇ ಎಂದು ಕರೆಯುತ್ತಿದ್ದುದರಿಂದ ಅವರು ನನಗೆ ವೈನಿ, ಅಂದರೆ ಅತ್ತಿಗೆಯಾದರು. ಕ್ರಮೇಣ ಇಡೀ ಓಣಿಗೇ ವೈನಿಯಾದರು. ಅಣ್ಣಾರದು ಮಾರ್ಕೆಟ್ ಯಾರ್ಡಿನ ಹತ್ತಿರ ಹತ್ತಿಯ ದಲಾಲಿ ಮಂಡಿ. ಶೈವ ಮನೆತನ, ಹಣೆಗೆ ವಿಭೂತಿಯಿಲ್ಲದೆ ಮನೆಯಲ್ಲಿ ಯಾರೂ ನೀರು ಸಹ ಕುಡಿಯುವವರಲ್ಲ. ವೈನಿ ಎತ್ತರದ ಹೆಂಗಸು. ನಡೆಯುವಾಗ ಸೆರಗನ್ನು ಎಡಗೈಗೆ ಸುತ್ತಿಕೊಳ್ಳುತ್ತಿದ್ದರು, ಎಲ್ಲಿಗೋ ಹೊತ್ತಾಗಿದೆ ಎನ್ನುವಂತೆ. ಆದರೆ ಹೊತ್ತಾಗುವಂಥ ಕೆಲಸ ಅವರಿಗೆ ಯಾವುದಿತ್ತೋ ನನಗೆ ತಿಳಿಯದು. ಪತ್ರಿಕೆಯನ್ನು ಅವರು ಓದುತ್ತಿದ್ದುದು ಕೊನೆಯ ಪುಟದಿಂದ. ಮೊದಲ ಪುಟಕ್ಕೆ ಬರುವ ಹೊತ್ತಿಗೆ ಬೇಸರವಾಗಿ ಮಡಿಚಿಡುತ್ತಿದ್ದರು. “ಮೊದಲ್ನೇ ಪುಟದಾಗಿನ್ವು ನಾಳಿಗೂ ಇರ್ತಾವ್ರಿ,” ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಸಮರ್ಥನೆ.

ಅವರ ಕೈಗುಣದ ವಿಷಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ವ್ಯಾಪಾರಸ್ಥರಿಗೆ ಬೆಳಗಿನ ಮೊದಲ ಮಾರಾಟವೆಂದರೆ ಬೋಣಿ. ಬೋಣಿಯ ಗಿರಾಕಿಯನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕಳಿಸಿದರೆ ಆ ದಿನದ ವ್ಯಾಪಾರ ಕೆಡುತ್ತದೆಂಬ ನಂಬಿಕೆ. ವೈನಿಯ ಕೈಯಿಂದ ಬೋಣಿಯಾದರೆ ಸಂಜೆಯೊಳಗೆ ಬುಟ್ಟಿ ಖಾಲಿಯಾಗುತ್ತದೆಂದು ತರಕಾರಿ, ಹೂವು, ಮೊಸರು ಮಾರುವವರೆಲ್ಲ ಸೂರ್ಯ ಹುಟ್ಟುವ ಮುಂಚೆಯೇ ಆ ಬಾಗಿಲಿಗೆ ಬರುತ್ತಿದ್ದರು. ಸೊಪ್ಪಿನವಳು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, “ವೈನಮ್ಮಾ, ಮೀ ಚೇತ್ತೋ ಒಂದ ಕಟ್ಟು ತಗೋರಿ, ಚಾಲು!” ಎಂದು, ಅವರ ಕೈಯಿಂದ ಒಂದು ಕಟ್ಟು ಹೋದರೆ ಸಾಕೆಂದು ಕೂಗುತ್ತಿದ್ದಳು. ವೈನಿ ಬೇಡದಿದ್ದರೂ ಒಂದು ಕಟ್ಟು ತೆಗೆದುಕೊಂಡು, ಅವಳ ಬುಟ್ಟಿಯನ್ನು ಬೆರಳ ತುದಿಯಿಂದ ಮುಟ್ಟಿ ಕಳಿಸುತ್ತಿದ್ದರು. ಅವರ ಮನೆಯಲ್ಲಿ ದಿನವೂ ಮೆಂತ್ಯದ ಸೊಪ್ಪಿನ ಪಲ್ಯವೇ ಆಗುತ್ತಿದ್ದುದಕ್ಕೆ ಇದೇ ಕಾರಣ. ಅವರ ಅತ್ತೆ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ತಾಟಿನ ಮುಂದೆ ಕುಳಿತು, “ಊರಾಗಿನ ಸೊಪ್ಪೆಲ್ಲ ನಮ್ಮ ಹೊಟ್ಟ್ಯಾಗ ಹಾಕ್ತಿ. ಆಡು ಮಾಡಿಟ್ಟಿ ನಮ್ಮನ್ನ,” ಎಂದು ರೇಗುತ್ತಿದ್ದುದು ನನ್ನ ಕಟ್ಟೆಗೂ ಕೇಳುತ್ತಿತ್ತು.

ಇಂಥವರಿಗೆ ವಿಶ್ವವಿದ್ಯಾಲಯ ಏಕೆ ಬೇಕಾಯಿತು? ಈ ಪ್ರಶ್ನೆಗೆ ಅವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟರು. ಅಣ್ಣಾರಿಗೆ, ನಾಳೆ ಬೀಗರ ಮುಂದೆ ತಾನೊಬ್ಬಳೇ ಇಂಟರ್ ಆಗಿರುವುದು ಚೆನ್ನಲ್ಲ ಎಂದರು. ಅವ್ವಾರಿಗೆ, ದಿನಾ ಓಡಾಡಿದರೆ ಮೊಣಕಾಲು ಹಿಡಿಯುವುದಿಲ್ಲವಂತೆ ಎಂದರು. ಸೊಪ್ಪಿನವಳಿಗೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುವ ಆಸೆ ಎಂದರಂತೆ. ನಾನು ಕೇಳಿದಾಗ, “ನೀವು ಶಾಲಿಗಿ ಹೋಗಿ ಬರ್ತಿದ್ರಲ್ರಿ, ಹೋಗಾಗೊಂದು ಮುಖ, ಬರಾಗೊಂದು ಮುಖ ಇರ್ತಿತ್ತು. ನಂದು ಮುಂಜಾನಿಂದ ರಾತ್ರಿತನಕ ಒಂದ ಮುಖ ಐತಿ,” ಎಂದರು. ಇದು ಉತ್ತರವೇ, ಅಲ್ಲವೇ ಎಂದು ನಾನು ಬಹಳ ದಿನ ಯೋಚಿಸಿದೆ. ನಿಜವಾದ ಕಾರಣ ಇವುಗಳಲ್ಲಿ ಯಾವುದು, ಅಥವಾ ಎಲ್ಲವೂ ಹೌದೇ, ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ.

ಅಂಕಗಳ ವಿಷಯದಲ್ಲಿಯೂ ಇದೇ ಗೊಂದಲ. ಹತ್ತನೆಯ ತರಗತಿಯವರೆಗೆ ಅವರು ಕನ್ನಡ ಮಾಧ್ಯಮದಲ್ಲಿ ಓದಿದವರು. ನಮ್ಮ ಭಾಗದಲ್ಲಿ ಅಲ್ಲಿಂದ ಮುಂದೆ, ಅಂದರೆ ಪಿಯುಸಿಯ ಹಂತದಲ್ಲಿ, ಕನ್ನಡದ ದಾರಿ ನಿಂತುಹೋಗುತ್ತದೆ. ಇಂಟರ್‌ಗೆ ತೆಲುಗಿನ ಬೆಂಚಿಗೆ ಹೋಗಿ ಕುಳಿತುಕೊಳ್ಳಬೇಕು. ವೈನಿ ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಮೂವತ್ತೆಂಟು ಪರ್ಸೆಂಟಿನಲ್ಲಿ ತೇರ್ಗಡೆಯಾಗಿದ್ದರು. “ಆ ಮಾರ್ಕ್ಸ್ ನನ್ನವಲ್ರಿ. ಆ ತೆಲುಗಿನವು,” ಎನ್ನುತ್ತಿದ್ದರು. ಅದು ನ್ಯಾಯವೆಂದು ತೋರಿ ನಾನು ತಲೆಯಾಡಿಸುವಷ್ಟರಲ್ಲಿ ಮಂಡಿಯಿಂದ ಯಾರೋ ರೈತ ಬರುವನು. ವೈನಿ ಅವನೊಡನೆ ಬಾಗಿಲಲ್ಲಿ ನಿಂತು ನೀರಿನಂಥ ತೆಲುಗಿನಲ್ಲಿ ಜಗಳವಾಡಿ, ನಗಿಸಿ, ಮಜ್ಜಿಗೆ ಕುಡಿಸಿ ಕಳಿಸುವರು. ನಾನು ಈ ವಿರೋಧವನ್ನು ಎತ್ತಿ ತೋರಿಸಿದೆ.

“ಮಾತಾಡೋ ತೆಲುಗು ಬ್ಯಾರೆ, ಮಾರ್ಕ್ಸ್ ಕೊಡೋ ತೆಲುಗು ಬ್ಯಾರೆ ಮಾಸ್ತರ್ರ. ಮಾರ್ಕ್ಸ್ ಕೊಡೋ ಕನ್ನಡಾನೂ ಬ್ಯಾರೇನ ಐತಿ. ನೀವು ಮಾತಾಡಾದು ನೋಡಿದ್ರ ಗೊತ್ತಾಗಲ್ಲೇನು?”

ನನ್ನ ಮಾತಿನ ರೀತಿಯನ್ನು ಓಣಿಯಲ್ಲಿ ಎಲ್ಲರೂ ಹಾಸ್ಯ ಮಾಡುತ್ತಿದ್ದರು. ನಾನು ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತೇನೆ. ಅದು ತಪ್ಪೆಂದು ಈಗಲೂ ನನಗೆ ಅನ್ನಿಸಿಲ್ಲ.

ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ವೈನಿಯ ಮಗಳ ಓದು ಮುಗಿಯುತ್ತ ಬಂದಿತ್ತು, ಗಂಡು ನೋಡುವ ಮಾತು ಶುರುವಾಗಿತ್ತು. ಅವ್ವಾರು ನನ್ನನ್ನೂ ಸಾಕ್ಷಿಗೆ ಕರೆಸಿ ಕೂರಿಸಿಕೊಂಡು ಹೇಳಿದರು: “ನೋಡವ್ವಾ, ಒಂದ ಸಲ. ಈ ವರ್ಷ ತಗೊಂಡ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ತಗೊಳ್ಳಿಲ್ಲಂದ್ರ ಮತ್ತ ಈ ಮನ್ಯಾಗ ಆ ಸುದ್ದಿ ತೆಗೀಬಾರದು. ಅಳಿಯ ಬಂದ ಮ್ಯಾಲ ಅತ್ತಿ ಚೀಲ ಹಾಕ್ಕೊಂಡು ಕಾಲೇಜಿಗೆ ಹೊಂಟ್ರ ಮಂದಿ ನನ್ನ ಮಾರಿಗಿ ನಗತಾರ.” ವೈನಿ, “ಆತ್ರಿ ಅತ್ತಿ, ಒಂದ ಸಲ,” ಎಂದರು. ಅವರ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ಹಾಗಾಗಿ ಎಲ್ಲವೂ ಆ ಒಂದು ಅರ್ಜಿಯ ಮೇಲೆ ನಿಂತಿತು.

ಅರ್ಜಿ ಗಡಿಯಾಚೆ ಕನ್ನಡ ನಾಡಿನ ವಿಶ್ವವಿದ್ಯಾಲಯಕ್ಕೆ. ಆಲೂರಿನ ಮೇಲಿಂದ ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆಯ ದಾರಿ. ವಿಷಯ, ಇತಿಹಾಸ. ಕನ್ನಡವಲ್ಲ ಏಕೆಂದು ನಾನು ಸ್ವಲ್ಪ ಬಿಗುಮಾನದಿಂದಲೇ ಕೇಳಿದೆ. “ಕನ್ನಡಾ ನೀವು ಕಟ್ಟಿ ಮ್ಯಾಲ ಪುಕ್ಕಟ ಹೇಳ್ತೀರಿ. ಅದಕ್ಕ್ಯಾಕ ಬಸ್ ಹತ್ತಿ ಹೋಗ್ಬೇಕ್ರಿ?” ಎಂದರು. ಅಲ್ಲಿಯ ಕ್ರಮವೇನೆಂದರೆ ಒಂದು ಪ್ರವೇಶ ಪರೀಕ್ಷೆ. ಅದರ ಅಂಕಗಳನ್ನೂ ಇಂಟರ್‌ನ ಸರಾಸರಿಯನ್ನೂ ಕೂಡಿಸಿ ಪಟ್ಟಿ. ಪರೀಕ್ಷೆಗೆ ಅವರನ್ನು ಸಿದ್ಧಗೊಳಿಸುವ ಹೊಣೆಯನ್ನು ನಾನು ಹೊತ್ತೆ. ಮೊದಲ ವಾರ ರಾಜವಂಶಗಳನ್ನು ಕಾಲಾನುಕ್ರಮದಲ್ಲಿ ಬರೆಸಿದೆ. ಎರಡನೆಯ ವಾರ ವಿಚಾರಿಸಿದಾಗ ಕ್ರಮ ಯಾವುದೂ ಉಳಿದಿರಲಿಲ್ಲ. ಆದರೆ ಯಾವ ರಾಜನಿಗೆ ಎಷ್ಟು ರಾಣಿಯರು, ಯಾರು ಯಾರಿಗೆ ವಿಷವಿಕ್ಕಿದರು ಎಂಬುದು ಚೆನ್ನಾಗಿ ನೆನಪಿತ್ತು.

“ವೈನಿ, ಇಸವಿ ಬೇಕು. ಇಸವಿಯಿಲ್ಲದ ಇತಿಹಾಸ ಕಟ್ಟುಕಥೆಯಾಗುತ್ತದೆ.”

“ಸತ್ತೋರ್ಗೆ ಇಸವಿ ಏನ್ ಮಾಡೋದೈತ್ರಿ? ಯಾಕ ಸತ್ರು ಅಂತ ಕೇಳ್ರಿ, ಹೇಳ್ತೀನಿ.”

“ಅವರು ಕೇಳುವುದಿಲ್ಲ.”

“ಕೇಳದಿದ್ರ ಅವರ ತಪ್ಪು.”

ಸಂಡಿಗೆ ಒಣಹಾಕುತ್ತ ಓದುತ್ತಿದ್ದರು. ಓದುತ್ತ ಕಾಗೆ ಓಡಿಸುತ್ತಿದ್ದರು. ಕೊನೆಗೆ ಬೇಸತ್ತು ನಾನು ಕಲಿಸುವುದನ್ನು ನಿಲ್ಲಿಸಿದೆ. ಅವರು ಓದುವುದನ್ನು ನಿಲ್ಲಿಸಲಿಲ್ಲ. ನಾನು ನಿಲ್ಲಿಸಿದ ಮೇಲೆಯೇ ಹೆಚ್ಚು ಓದಿದರೆಂದು ಅವ್ವಾರ ಅಭಿಪ್ರಾಯ.

ಸೆಪ್ಟೆಂಬರ್ ಮೊದಲಲ್ಲಿ ಪಟ್ಟಿ ಬಂತು. ಆಯ್ಕೆಯಾದವರ ಪಟ್ಟಿಯಲ್ಲಿ ವೈನಿಯ ಹೆಸರಿರಲಿಲ್ಲ. ಅದರ ಕೆಳಗೆ ಕಾಯುವವರ ಪಟ್ಟಿಯೊಂದಿತ್ತು, ಉಳಿದ ಸೀಟುಗಳಿಗೆ ಅವರನ್ನು ಕರೆಯುವ ದಿನವನ್ನೂ ಕೊಟ್ಟಿದ್ದರು. ಅದರಲ್ಲಿಯೂ ಕಟ್ಟಕಡೆಯ ಹೆಸರು ಅವರದು. ಫೋನನ್ನು ಹಿಡಿದು ಕೆಳಕೆಳಗೆ ಸರಿಸುತ್ತ ನಾನೇ ಹುಡುಕಿದ್ದು. ತೋರಿಸುವುದೋ ಬೇಡವೋ ಎಂದು ಫೋನನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅವರೇ ಬಗ್ಗಿ ನೋಡಿ, “ಐತಲ್ರಿ!” ಎಂದರು.

“ವೈನಿ, ಇದು ಕಡೆಯ ಹೆಸರು. ಮೇಲಿನವರಷ್ಟೂ ಬಿಟ್ಟರೆ ಮಾತ್ರ ನಿಮಗೆ. ಹಾಗೆ ಆಗುವುದಿಲ್ಲ.”

“ಅವತ್ತು ಎಷ್ಟೊತ್ತಿಗೆ ಬಾಗ್ಲ ತೆಗೀತಾರ ನೋಡ್ರಿ.”

“ಹತ್ತು ಗಂಟೆಗೆ. ಆದರೆ…”

“ಮೊದಲ್ನೇ ಬಸ್ಸಿಗೆ ಹೋಗೂಣು. ಎಲ್ಲರ್ಕಿನ ಮುಂಚೆ ನಾನು ಹೋಗಿ ಬಾಗ್ಲಾಗ ನಿಂದ್ರತೀನಿ. ಬೋಣಿ ಹೊತ್ನ್ಯಾಗ ಬಂದಾಕಿನ್ನ ಯಾರ್ರೀ ಇಲ್ಲ ಅಂತಾರ?”

ನಾನು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವರ ಮುಖ ನೋಡಿದೆ. ಅವರು ಹಾಸ್ಯ ಮಾಡುತ್ತಿರಲಿಲ್ಲ. ಗೋನೆಗಂಡ್ಲದಲ್ಲಿ ಅವರ ತಂದೆಗೆ ಬಟ್ಟೆಯ ಅಂಗಡಿ. ಬೆಳಿಗ್ಗೆ ಮೊದಲು ಮೆಟ್ಟಿಲು ಹತ್ತಿದವನು ಕರವಸ್ತ್ರ ಕೇಳಿದರೂ, ಅದು ಅಂಗಡಿಯಲ್ಲಿ ಇಲ್ಲದಿದ್ದರೂ, ಥಾನಿನಿಂದ ಒಂದು ಚೂರು ಹರಿದಾದರೂ ಕೊಟ್ಟು ಕಳಿಸುವುದನ್ನು ನೋಡಿ ಬೆಳೆದವರು ಅವರು. ವಿಶ್ವವಿದ್ಯಾಲಯ ಅಂಗಡಿಯಲ್ಲ, ಅಲ್ಲಿ ಬಂದವರ ಕ್ರಮಕ್ಕೆ ಬೆಲೆಯಿಲ್ಲ, ಅಂಕಗಳ ಕ್ರಮಕ್ಕೆ ಮಾತ್ರ ಬೆಲೆ ಎಂದು ಎಷ್ಟು ವಿಧವಾಗಿ ಹೇಳಿದರೂ, “ಆತು, ಅವರ ಕ್ರಮ ಅವರಿಗಿರ್ಲಿ,” ಎಂದುಬಿಟ್ಟರು. ಹೊಸ ಹತ್ತಿ ಬರಲು ಶುರುವಾಗಿ ಅಣ್ಣಾರಿಗೆ ಮಂಡಿ ಬಿಡುವಂತಿರಲಿಲ್ಲ. “ನೀವೊಬ್ರು ಜರಾ ಜತಿಗಿ ಹೋಗಿಬರ್ರಿ ಮಾಸ್ತರ್ರ. ಆಗಂಗಿಲ್ಲ ಅಂತ ಅಲ್ಲೇ ಹೇಳಿಸಿಬಿಟ್ರ ಆಕಿಗೂ ಸಮಾಧಾನ,” ಎಂದು ನನ್ನನ್ನು ಕೇಳಿಕೊಂಡರು. ಸಮಾಧಾನ ಹೇಗಾಗುತ್ತದೆಂದು ತಿಳಿಯದಿದ್ದರೂ ಒಪ್ಪಿದೆ.

ಬಸ್ಸಿನಲ್ಲಿ ವೈನಿ ಕಿಟಕಿಯ ಪಕ್ಕ ಕುಳಿತರು. ಹಾಗಾದರೆ ಸೊಪ್ಪಿನವಳಿಗೆ ಹೇಳಿದ್ದೇ ನಿಜವೇ ಎಂದು ನನಗೆ ಅನುಮಾನ ಬಂತು. ಮಡಿಲಲ್ಲಿ ದಾಖಲೆಗಳ ಚೀಲ, ಅದರ ಮೇಲೆ ಮೊಸರನ್ನದ ಡಬ್ಬಿ. ಆಲೂರು ದಾಟಿದ ಮೇಲೆ, “ಮಾಸ್ತರ್ರ, ಇವತ್ತು ಆಗದಿದ್ರ ನಾ ಅಳಂಗಿಲ್ಲ. ಆದ್ರ ನೀವು ಬಸ್ಸಿನ್ಯಾಗ ‘ನಾ ಮೊದಲ ಹೇಳಿದ್ದೆ’ ಅಂತ ಅನ್ನಬ್ಯಾಡ್ರಿ,” ಎಂದರು. ಅನ್ನುವುದಿಲ್ಲವೆಂದೆ.

ನಾವು ಹೋಗಿ ಮುಟ್ಟಿದಾಗ ಪ್ರವೇಶ ವಿಭಾಗದ ಕಚೇರಿಗೆ ಬೀಗ ಹಾಕಿತ್ತು. ಆಳು ಬಂದು ಬೀಗ ತೆಗೆದ, ಕಸ ಗುಡಿಸಿದ. ವೈನಿ ಕಿಟಕಿಯ ಕಂಬಿಯ ಮುಂದೆ ನಿಂತೇ ಇದ್ದರು. ಗುಮಾಸ್ತರು ಬಂದು ಕುಳಿತು ತಲೆಯೆತ್ತಿದಾಗ ಎದುರಿಗೆ ಇವರೇ.

“ಪಾಲಕರು ಆ ಕಡೆ ಬೆಂಚಿನ ಮ್ಯಾಲ ಕುಂದರ್ರಿ, ಅಮ್ಮಾ.”

“ನಾ ಪಾಲಕರಲ್ರಿ. ನಾನ ಹುಡುಗಿ.”

ಗುಮಾಸ್ತರು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಹೆಸರು ಕೇಳಿಕೊಂಡು ಪಟ್ಟಿಯನ್ನು ಮೇಲಿನಿಂದ ನೋಡುತ್ತ ನೋಡುತ್ತ ತಳಕ್ಕೆ ಬಂದರು. “ನಿಮ್ದು ಕಡೀ ಹೆಸರೈತ್ರಿ. ಸಂಜಿಮುಂದ ಬರ್ರಿ, ಸೀಟು ಉಳಿದ್ರ ನೋಡೂಣು. ಉಳಿಯಂಗಿಲ್ಲ.”

“ಮೊದಲ ಬಂದಾಕಿ ನಾನ್ರಿ.”

“ಮೊದಲ ಬಂದ್ರೇನ್ರಿ? ಮಾರ್ಕ್ಸ್ ನೋಡಿ ಕರಿಯಾದು.”

“ನಿಮ್ದು ಯಾ ಊರ್ರೀ?”

“ಸಿರುಗುಪ್ಪ ಕಡೆ. ಯಾಕ್ರಿ?”

“ಮನ್ಯಾಗ ವ್ಯಾಪಾರ ಐತೇನು?”

“ನಮ್ಮಪ್ಪಂದು ಕಿರಾಣಿ ಅಂಗಡಿ ಇತ್ತು.”

“ಹಂಗಿದ್ದೂ ಬೋಣಿ ಹೊತ್ನ್ಯಾಗ ಬಂದಾಕಿಗಿ ಉಳಿಯಂಗಿಲ್ಲ ಅಂದ್ರಲ್ರೀ! ನಿಮ್ಮಪ್ಪ ಅಂದಿದ್ರೇನು ಹಂಗ?”

ಗುಮಾಸ್ತರು ನಕ್ಕು, “ಇದೇನು ಅಂಗಡೀನಾ ಅಮ್ಮಾ?” ಎಂದರು. ಆದರೆ ಆ ನಗು ಗಟ್ಟಿಯಾಗಿರಲಿಲ್ಲ. ವೈನಿ, “ಆತ್ರಿ. ನಂಗೇನಿಲ್ಲ, ನಿಮ್ ದಿನ ಹೆಂಗ ಹೊಕ್ಕತೋ ಅಂತ,” ಎಂದು ಹೇಳಿ ಬೆಂಚಿಗೆ ಬಂದು ಕುಳಿತರು. ಅದು ಶಾಪವಾಗಿರಲಿಲ್ಲ, ಸೊಪ್ಪಿನವಳ ಬುಟ್ಟಿಯ ಬಗ್ಗೆ ಚಿಂತಿಸುವಂತೆಯೇ ಅವರ ಬಗ್ಗೆಯೂ ಚಿಂತಿಸುತ್ತಿದ್ದರು.

ಹತ್ತೂವರೆಗೆ ಹೆಸರು ಕರೆಯಲು ಶುರುಮಾಡಿದರು. ಮೊದಲ ಹೆಸರಿಗೆ ಯಾರೂ ಏಳಲಿಲ್ಲ. ಗುಮಾಸ್ತರು ಇನ್ನೊಮ್ಮೆ ಕರೆದು, ಪಟ್ಟಿಯಲ್ಲಿ ಗುರುತು ಹಾಕಿ, ವೈನಿಯ ಕಡೆಗೊಮ್ಮೆ ನೋಡಿದರು. ಎರಡನೆಯ ಹೆಸರಿಗೂ ಯಾರೂ ಬರಲಿಲ್ಲ. ಮತ್ತೆ ನೋಡಿದರು. ಮೂರನೆಯ ಹೆಸರಿನ ಹುಡುಗ ಎದ್ದು ಹೋದಾಗ ಗುಮಾಸ್ತರ ಮುಖದಲ್ಲಿ ಎಷ್ಟು ಹರ್ಷ ಮೂಡಿತೆಂದರೆ ಅವನು ಏನು ತಪ್ಪು ಮಾಡಿದೆನೋ ಎಂದು ಹೆದರಿ ನಿಂತ. ಆದರೆ ಅವನೂ ಯಾವುದೋ ದಾಖಲೆ ತಂದಿರಲಿಲ್ಲ, ತಿರುಗಿ ಹೋದ. ಪಕ್ಕದಲ್ಲಿ ಕುಳಿತಿದ್ದ ಪಾಲಕರೊಬ್ಬರು ನನಗೆ, “ಇವತ್ತ ಇನ್ನೊಂದ್ ಕಡೆನೂ ಕೌನ್ಸೆಲಿಂಗ್ ಐತಂತ್ರಿ. ಚೊಲೋ ಮಾರ್ಕ್ಸ್ ಇದ್ದೋರೆಲ್ಲ ಅಲ್ಲಿಗಿ ಹೋಗ್ಯಾರ,” ಎಂದರು. ಅದು ತರ್ಕಕ್ಕೆ ಒಪ್ಪುವ ಕಾರಣ. ನಾನು ಅದನ್ನು ವೈನಿಗೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ; ಎರಡೂ ಕೈಗಳಿಂದ ಚೀಲವನ್ನು ಒತ್ತಿ ಹಿಡಿದು ಕಿಟಕಿಯನ್ನೇ ನೋಡುತ್ತಿದ್ದರು. ಆಮೇಲೆ ಕೆಲವರು ಬಂದರು, ಕೆಲವರು ಬರಲಿಲ್ಲ. ಪ್ರತಿಯೊಂದು ಸಲ ಯಾರೂ ಬಾರದಿದ್ದಾಗಲೂ ಗುಮಾಸ್ತರ ಕಣ್ಣು ಇತ್ತ ಬಂದು ಹೋಗುತ್ತಿತ್ತು.

ಮಧ್ಯಾಹ್ನ ವೈನಿ, “ಚಾ ಕುಡ್ದು ಬರ್ರಿ ಮಾಸ್ತರ್ರ. ನೀವು ಮಗ್ಗಲದಾಗ ಕುಂತು ಎಣಿಸ್ತಿದ್ರ ನನ್ನ ಎದಿ ಹೊಡಕೊಂತೈತಿ,” ಎಂದು ನನ್ನನ್ನು ಅಟ್ಟಿದರು. ಕ್ಯಾಂಟೀನು ದೂರವಿತ್ತು. ನಾನು ಹಿಂದಿರುಗಿದಾಗ ಬೆಂಚಿನ ಮೇಲೆ ಮೊಸರನ್ನದ ಡಬ್ಬಿ ಮಾತ್ರ ಇತ್ತು.

“ಒಳಗ ಹೋದ್ರಿ,” ಎಂದರು ಪಕ್ಕದವರು.

“ಹೆಸರು ಕರೆದರೇ? ಪಟ್ಟಿ ಮುಗಿಯಿತೇ?”

“ಕರೆದ್ರೋ, ಕ್ಲರ್ಕ್ ತಾನ ಎದ್ದು ಬಂದು ಕರಕೊಂಡ ಹೋದ್ನೋ… ನಾ ಊಟಕ್ಕ ಕುಂತಿದ್ದೆ, ಖರೇ ಹೇಳ್ಬೇಕಂದ್ರ ನೋಡ್ಲಿಲ್ರಿ.”

ಇಲ್ಲಿಯೇ ನನ್ನ ವೃತ್ತಾಂತದ ಎಳೆ ತಪ್ಪುತ್ತದೆ. ಅನಂತರ ನಾನು ವಿಚಾರಿಸದೆ ಬಿಡಲಿಲ್ಲ. ಗುಮಾಸ್ತರನ್ನು ಕೇಳಿದಾಗ, “ಲಿಸ್ಟ್ ಕೆಳಗ ಬಂತ್ರಿ ಸರ್, ಅಷ್ಟ. ಮ್ಯಾಲಿನೋರು ಬರ್ಲಿಲ್ಲ,” ಎಂದರು, ಆದರೆ ಹೇಳುವಾಗ ನನ್ನನ್ನು ನೋಡಲಿಲ್ಲ. ಒಳಗೆ ಕುಳಿತಿದ್ದ ಪ್ರಾಧ್ಯಾಪಕರೊಬ್ಬರು, ಉತ್ತರಗಳು ಚೆನ್ನಾಗಿದ್ದವು ಎಂದರು. ಸಂದರ್ಶನಕ್ಕೆ ಅಂಕವೇ ಇಲ್ಲವಲ್ಲ ಎಂದು ನಾನು ಕೇಳಿದರೆ, “ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ,” ಎಂದು ನಕ್ಕರು. ಅಣ್ಣಾರು ಮಾತ್ರ, ಮನೆಯಲ್ಲಿ ಯಾರಿಗೂ ಹೇಳದೆ ಮಂತ್ರಾಲಯದ ರಾಯರಿಗೆ ಹರಕೆ ಹೊತ್ತಿದ್ದರಂತೆ. ಶಿವಭಕ್ತರು ನೀವು ಅಲ್ಲಿಗೆ ಹೇಗೆ ಎಂದರೆ, “ಶಿವಂಗ ಮೂವತ್ತೆಂಟು ಪರ್ಸೆಂಟ್ ಅಂತ ಹೇಳಾಕ ನಾಚ್ಕಿ ಆತ್ರಿ,” ಎಂದರು. ಇವುಗಳಲ್ಲಿ ಯಾವುದನ್ನು ಕಾರಣವೆಂದು ಬರೆಯಲಿ? ಎಲ್ಲವೂ ಬೋಣಿಯಿಂದಲೇ ಎಂಬುದರಲ್ಲಿ ವೈನಿಗಂತೂ ಸಂಶಯವೇ ಇರಲಿಲ್ಲ. ಆದರೆ ಅವರು ತರಗತಿಗೆ ಹೋಗಲು ತೊಡಗಿದ ಮೇಲೆ ಮೊದಲ ಬಸ್ಸಿಗೆ ಹೊರಡುತ್ತಿದ್ದುದರಿಂದ ಸೊಪ್ಪಿನವಳಿಗೆ ಬೋಣಿಯ ಕೈ ತಪ್ಪಿಹೋಯಿತು. ಅವಳು ನನ್ನ ಬಾಗಿಲಿಗೆ ಬಂದಳು. ನಾನು ಎರಡು ದಿನ ಕೊಂಡೆ. ಮೂರನೆಯ ದಿನ, “ಬ್ಯಾಡ್ರಿ ಸಾರ್, ನಿಮ್ ಕೈಯಿಂದ ಆದ್ರ ಸಂಜಿತನಕ ಒಂದ ಕಟ್ಟೂ ಹೋಗಂಗಿಲ್ಲ,” ಎಂದು ಮುಂದಿನ ಮನೆಗೆ ಹೋದಳು. ಅದನ್ನು ಪುರಾವೆಯೆಂದು ಒಪ್ಪಲು ನನ್ನ ಮನಸ್ಸು ಇನ್ನೂ ಸಿದ್ಧವಿಲ್ಲ.

ವೈನಿ ಹೊರಗೆ ಬಂದಾಗ ಮೂರು ಗಂಟೆ ದಾಟಿತ್ತು. ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಬೆಂಚಿನ ಮೇಲೆ ಕುಳಿತು ಡಬ್ಬಿ ತೆರೆದು, ಮುಚ್ಚಳದಲ್ಲಿ ನನಗಿಷ್ಟು ಮೊಸರನ್ನ ಹಾಕಿಕೊಟ್ಟು, ತಾವೂ ಉಣ್ಣಲು ತೊಡಗಿದರು. ಎರಡು ತುತ್ತು ಇಳಿದ ಮೇಲೆ, “ತಗೊಂಡ್ರು,” ಎಂದರು.

“ಏನು ಕೇಳಿದರು?”

“ಇಂಟರ್ ಆಗಿ ಇಪ್ಪತ್ತೊಂದು ವರ್ಷ ಏನ್ ಮಾಡಿದ್ರಿ ಅಂದ್ರು.”

“ನೀವು ಏನು ಹೇಳಿದಿರಿ?”

“ಇಂಟರ್ ಪಾಸಾಗೋದ್ರಾಗ ಬಾಳ ದಣಿದಿದ್ದೆ, ದಣಿವು ಆರಿಸ್ಕೊಂತಿದ್ದೆ ಅಂದೆ. ಎಲ್ರೂ ನಕ್ರು. ನಾ ಖರೇನ ಹೇಳಿದ್ದೆ ಮಾಸ್ತರ್ರ.”

ಅಷ್ಟರಲ್ಲಿ ಅವರ ಚೀಲದಲ್ಲಿ ಫೋನು ಮೊಳಗಿತು. ತೆಗೆದು ನೋಡಿ, ಎಂಜಲು ಕೈಯೆಂಬಂತೆ ತೋರಿಸಿ, “ನೀವ ಹೇಳ್ರಿ. ನಾ ಹೇಳಿದ್ರ ಅತ್ತಿ ನಂಬಂಗಿಲ್ಲ,” ಎಂದು ಎಡಗೈಯಿಂದ ನನಗೆ ಕೊಟ್ಟರು. ಊಟಕ್ಕೆ ಮನೆಗೆ ಬಂದಿದ್ದ ಅಣ್ಣಾರು ಹಲೋ ಎನ್ನುವಷ್ಟರಲ್ಲಿ ಅವ್ವಾರು ಫೋನು ಕಿತ್ತುಕೊಂಡಿದ್ದರು.

“ಮಾಸ್ತರ್ರ, ತಗೊಂಡ್ರೋ, ಇಲ್ಲೋ?”

“ತೆಗೆದುಕೊಂಡರು, ಅವ್ವಾರೇ.”



“ಮೂವತ್ತೆಂಟಕ್ಕ?”

“ಮೂವತ್ತೆಂಟಕ್ಕೇ.”

“ಯಾಕ?”

ಉತ್ತರಕ್ಕಾಗಿ ನಾನು ವೈನಿಯನ್ನು ನೋಡಿದೆ. ಅವರು ತಲೆ ಬಗ್ಗಿಸಿ ಊಟದಲ್ಲಿ ಮಗ್ನರಾಗಿದ್ದರು. ಕಿವಿ ಮಾತ್ರ ಇತ್ತ ಇತ್ತು. “ನನಗೆ ಗೊತ್ತಿಲ್ಲ, ಅವ್ವಾರೇ,” ಎಂದೆ.

“ನಿಮ್ ಬಾಯಾಗ ಗೊತ್ತಿಲ್ಲ ಅನ್ನೋದು ಇವತ್ತ ಕೇಳಿದೆ ನೋಡ್ರಿ,” ಎಂದರು ಅವ್ವಾರು. ಆಮೇಲೆ ದನಿ ತಗ್ಗಿಸಿ, “ಹೋಗ್ಲಿ ಬಿಡ್ರಿ. ಮುಂಜಾನಿ ಮೊದಲ್ನೇ ಬಸ್ಸು ಎಷ್ಟೊತ್ತಿಗೈತಿ, ಆಕಿನ್ನ ಕೇಳ್ರಿ. ದಿನಾ ಅನ್ನಕ್ಕ ಎಷ್ಟೊತ್ತಿಗಿ ಇಡಬೇಕು ನಾನು?” ಎಂದರು.

ನಾನು ಆ ಪ್ರಶ್ನೆಯನ್ನು ಇದ್ದ ಹಾಗೆಯೇ ವೈನಿಗೆ ತಲುಪಿಸಿದೆ. ಅವರು ಡಬ್ಬಿಯನ್ನು ಬದಿಗಿಟ್ಟರು. ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಭುಜ ಕುಲುಕಿಸುತ್ತ ಕುಳಿತುಬಿಟ್ಟರು. ಬಸ್ಸು ಐದೂ ಮುಕ್ಕಾಲಿಗೆ ಎಂದು ನಾನೇ ಹೇಳಿದೆ.

ಏಕೆ ತೆಗೆದುಕೊಂಡರೆಂದು ನಾನು ಬರೆಯಲಾರೆ. ತೆಗೆದುಕೊಂಡದ್ದು ೨೦೨೨ನೆಯ ಇಸವಿ ಸೆಪ್ಟೆಂಬರ್ ತಿಂಗಳ ೧೪ನೆಯ ತಾರೀಖು, ಬುಧವಾರ.